ಗುರುವಾರ ಬರುವ ವಡೆ ಹಿಟ್ಟು

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನವೇ ನಿವೃತ್ತ ಅಧಿಕಾರಿ ಶಿವರುದ್ರಯ್ಯನವರ ಮನೆಯ ಮಿಕ್ಸಿ ಸುಟ್ಟುಹೋಯಿತು. ವಡೆಗೆ ನೆನೆಸಿದ್ದ ಉದ್ದಿನಬೇಳೆಯ ಸಮೇತ ಅವರು ತುಮಕೂರಿನ ಮಿಕ್ಸಿ ಅಂಗಡಿಗೆ ಬಂದರು. ಕೊಳ್ಳುವ ಮುನ್ನ ರುಬ್ಬಿ ನೋಡುವುದು ಅಲ್ಲಿನ ರೂಢಿ. ಅಂಗಡಿಯ ನಾಗವೇಣಿ ಬೇಳೆಯಷ್ಟನ್ನೂ ಬೆಣ್ಣೆಯಂತೆ ರುಬ್ಬಿದಳು. ಆಗ ಅವರು ಫೋನ್ ತೆಗೆದರು.

“ಆನ್‌ಲೈನಿನಲ್ಲಿ ಐನೂರು ಕಡಿಮೆ. ಅದೇ ಬೆಲೆಗೆ ಕೊಡು. ನನಗೇ ಟೋಪಿ ಹಾಕ್ತೀಯಾ?”

ಬೆಲೆ ಇಳಿಸಿದರೆ ಮಾಲೀಕರು ಅವಳ ಸಂಬಳದಲ್ಲೇ ಹಿಡಿಯುತ್ತಿದ್ದರು. ಆದರೂ ನಾಗವೇಣಿ ನಕ್ಕಳು.

“ಆಗಲಿ ಸಾರ್. ಆನ್‌ಲೈನ್ ಬೆಲೆ, ಆನ್‌ಲೈನ್ ಪದ್ಧತಿ.”

ಮಿಕ್ಸಿಯನ್ನೂ ಹಿಟ್ಟು ತುಂಬಿದ ಜಾರನ್ನೂ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟೇಪ್ ಸುತ್ತಿದಳು.

“ಅಯ್ಯೋ, ನನ್ನ ಹಿಟ್ಟು!”

“ಗುರುವಾರದೊಳಗೆ ಮನೆಗೇ ಬರುತ್ತೆ ಸಾರ್. ಫೋನ್ ಕೈಯಲ್ಲೇ ಇಟ್ಕೊಂಡಿರಿ, ಡೆಲಿವರಿಯವನು ದಾರಿ ಕೇಳ್ತಾನೆ.”

“ನಾಲ್ಕು ಗಂಟೆಗೆ ಬೀಗರಾಗೋರು ಬರ್ತಾರಮ್ಮ! ಮನೇಲಿ ಎಣ್ಣೆ ಇಟ್ಟಾಗಿದೆ!”

“ಈಗಲೇ ಬೇಕಾದರೆ ಅಂಗಡಿ ಬೆಲೆ ಸಾರ್.”

ಶಿವರುದ್ರಯ್ಯನವರು ಪೂರ್ತಿ ಹಣ ಕೊಟ್ಟು ಪೆಟ್ಟಿಗೆ ಎತ್ತಿಕೊಂಡರು. ಬಾಗಿಲಲ್ಲಿ ತಿರುಗಿ ನಿಂತು ಗದರಿದರು: “ನಿಮ್ಮ ಅಂಗಡಿಗೆ ಒಂದೇ ಸ್ಟಾರ್!”

“ಸ್ಟಾರೆಲ್ಲ ಆನ್‌ಲೈನಿನವರಿಗೆ ಕೊಡಿ ಸಾರ್,” ಎಂದಳು ನಾಗವೇಣಿ. “ನಮಗೆ ಎರಡು ವಡೆ ಕಳಿಸಿದರೆ ಸಾಕು.”