ಹಗೇವಿನ ಬಾಯಿಗೆ ಮೂರು ಕೂಗು

ಒಂದಾನೊಂದು ಕಾಲದಲ್ಲಿ ಅಂತ ಶುರು ಮಾಡ್ತೀನಿ, ಅದು ಯಾವ ಕಾಲ ಅಂತ ಮಾತ್ರ ಕೇಳಬೇಡ ಕೂಸೇ, ಕೇಳಿದರೆ ಕತೆಯೂ ಓಡಿಹೋಗುತ್ತೆ, ನಿನ್ನ ನಿದ್ದೆಯೂ ಓಡಿಹೋಗುತ್ತೆ. ಆ ಕಾಲದಲ್ಲಿ, ಬಿಳಿಜೋಳದ ಸೀಮೆಯಲ್ಲಿ, ಎರೇಹಾಳ ಅನ್ನೋ ಊರಲ್ಲಿ ನೀಲಗಂಗವ್ವ ಅಂತ ಒಬ್ಬ ಯಜಮಾನಿ ಇದ್ದಳಂತೆ. ಗಂಡ ತೀರಿಕೊಂಡಿದ್ದ. ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಕೊಟ್ಟಿಗೆ ತುಂಬ ಎಮ್ಮೆ, ಅಂಗಳದ ನಡುವೆ ಒಂದು ಹಗೇವು. ಹಗೇವು ಅಂದರೆ ನೆಲದೊಳಗೆ ಬಾವಿಯ ಹಾಗೆ ತೋಡಿ, ಸುತ್ತ ಒಣಹುಲ್ಲು ಹೊದಿಸಿ, ಸುಗ್ಗಿಯ ಜೋಳವೆಲ್ಲ ಸುರಿದು, ಬಾಯಿಗೆ ಹಾಸುಗಲ್ಲು ಎಳೆದು ಮುಚ್ಚಿಡೋದು. ಮೇಲೆ ಮನುಷ್ಯರು ಮಲಗ್ತಾರೆ, ಕೆಳಗೆ ಜೋಳ ಮಲಗುತ್ತೆ.

ನೀಲಗಂಗವ್ವ ಹೂಂ ಅಂದರೆ ಮನೆಯೆಲ್ಲ ಹೂಂ, ಊಹೂಂ ಅಂದರೆ ಗೋಡೆ ಮೇಲಿನ ಹಲ್ಲಿ ಕೂಡ ಲೊಚಗುಟ್ಟುತ್ತಿರಲಿಲ್ಲವಂತೆ.

ಆ ವರ್ಷ ಸುಗ್ಗಿ ಮುಗಿದು ಹಗೇವು ತುಂಬಿತಂತೆ. ಗಂಡಸರು ಕಲ್ಲು ಎಳೆದರು, ಸಂದಿಗೆಲ್ಲ ಕೆಸರು ಮೆತ್ತಿದರು, ಆಮೇಲೆ ಯಜಮಾನಿ ಬಂದು ಅರಿಶಿಣ ಕಲಸಿದ ಅಂಗೈಯನ್ನ ಹಸಿ ಕೆಸರಿನ ಮೇಲೆ ಒತ್ತಿದಳಂತೆ. ಅದು ಆ ಊರಿನ ಪದ್ಧತಿ. ಆ ಕೈ ಬಿದ್ದ ಮೇಲೆ ಮುಂಗಾರಿನ ತನಕ ಬ್ರಹ್ಮ ಬಂದರೂ ಕಲ್ಲು ಸರಿಸೋ ಹಾಗಿಲ್ಲ. ಸರಿಸಿದರೆ ಲಕ್ಷ್ಮಿ ಎದ್ದು ಹೋಗ್ತಾಳೆ ಅಂತ. ಲಕ್ಷ್ಮಿಗೆ ಮೊದಲೇ ಒಂದು ಕಡೆ ಕೂತು ಅಭ್ಯಾಸ ಇಲ್ಲ, ಅದಕ್ಕೇ ಅಷ್ಟು ದೊಡ್ಡ ಕಲ್ಲು.

ಅವತ್ತು ಸಂಜೆ ಕಿರಿಸೊಸೆ ಫಕ್ಕೀರವ್ವ ಆ ಕಲ್ಲಿನ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದಳಂತೆ. ತುಂಬಿದ ಬಸುರಿ, ಬಗ್ಗೋಕಾಗಲ್ಲ, ಅದಕ್ಕೇ ಅವಳಿಗೆ ಕೂತು ಮಾಡೋ ಕೆಲಸ. ಆಗ ಕೆಳಗಿನಿಂದ ಸಣ್ಣಗೆ ಮಿಯಾಂವ್ ಅಂತ ಕೇಳಿಸಿತು. ಅತ್ತೀ, ಹಗೇವಿನಾಗ ನಮ್ಮ ಬೆಕ್ಕು ಒದರಾಕತ್ತೈತ್ರೀ, ಇಲಿ ಹಿಂದ ಬಿದ್ದು ಒಳಗ ಹೋಗೇತಿ ಅನಸ್ತೈತಿ ಅಂದಳು. ನೀಲಗಂಗವ್ವ ಕಿವಿಗೊಟ್ಟಳು. ಅವಳಿಗೂ ಕೇಳಿಸಿತು. ಆದರೆ ಕೆಸರಿನ ಮೇಲೆ ತನ್ನ ಕೈಗುರುತು ಇನ್ನೂ ಆರಿರಲಿಲ್ಲ. ಗಾಳಿ ಅದು, ಸುಮ್ಮನಿರು ಅಂದಳಂತೆ.

ದೀಪ ಹಚ್ಚೋ ಹೊತ್ತಿಗೆ ಮತ್ತೆ ಕೇಳಿಸಿತು. ಫಕ್ಕೀರವ್ವ ಮತ್ತೆ ಬಂದಳು. ಇಲಿ ಇರಬೇಕು ಅಂದಳಂತೆ ಅತ್ತೆ. ಬೆಳಿಗ್ಗೆ ಸಾರಿಸೋ ಹೊತ್ತಿಗೆ ಮೂರನೇ ಸಲ ಕೇಳಿಸಿತು, ನೂಲಿನ ಎಳೆಯಷ್ಟು ತೆಳ್ಳಗೆ. ಅತ್ತೀ, ಬಾಣಂತಿ ಬೆಕ್ಕದು, ಕಣಿಕಿ ಬಣಿವಿ ಹಿಂದ ಮರಿ ಹಾಕೇತಿ, ಕಲ್ಲು ತಗಸ್ರೀ, ನಿಮ್ಮ ಕಾಲಿಗೆ ಬೀಳ್ತೀನಿ ಅಂತ ಹೊಟ್ಟೆ ಹಿಡಿದುಕೊಂಡೇ ಬಗ್ಗೋಕೆ ಹೋದಳು. ನೀಲಗಂಗವ್ವ ಕಾಲು ಹಿಂದಕ್ಕೆ ಎಳೆದುಕೊಂಡು, ನೆರೆಮನಿ ಬೆಕ್ಕು ಅದು, ನಿನಗ ಬಸುರ್ಯಾಗ ಇಲ್ಲದ್ದೆಲ್ಲ ಕೇಳಸ್ತೈತಿ ಅಂದಳಂತೆ. ಆಮೇಲೆ ಏನೂ ಕೇಳಿಸಲಿಲ್ಲ.

ಸತ್ತೋಯ್ತಾ ಅಂತ ಕಣ್ಣು ಬಿಡಬೇಡ. ಹೌದು, ಸತ್ತಿತು. ನಾನು ಎಷ್ಟೋ ಊರಿನ ಚಾವಡಿಗಳಲ್ಲಿ ಮಲಗಿ ಎಷ್ಟೋ ಕತೆ ಕೇಳಿದ್ದೀನಿ, ಯಾರೂ ಸಾಯದ ಕತೆ ಒಂದೂ ಸಿಕ್ಕಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೋಳದ ದಂಟಿನ ಬಣಿವೆಯ ಹಿಂದಿನಿಂದ ಮರಿಗಳು ಕಿರುಚೋಕೆ ಶುರು ಮಾಡಿದವಂತೆ. ಮೂರು ಮರಿ. ಕಣ್ಣು ಬಿಟ್ಟಿಲ್ಲ, ಕಿವಿ ನೆಟ್ಟಗಾಗಿಲ್ಲ, ಒಂದೊಂದೂ ಹುಣಸೆಕಾಯಿಯಷ್ಟು. ಸುದ್ದಿ ಊರಾಯಿತು. ಬಾಯಿಬಡಕಿ ಗಿರಿಮಲ್ಲವ್ವ ಅಂತ ಒಬ್ಬಳಿದ್ದಳು, ಅವಳು ನೀರಿನ ಬಾವಿಯ ಕಟ್ಟೆ ಮೇಲೆ ನಿಂತು, ಎಲ್ಲರ ಎದುರಿಗೆ, ಏನವಾ ನೀಲಗಂಗಕ್ಕ, ಬಾಣಂತಿ ಜೀವ ತಗದ ಮನ್ಯಾಗ ಬಾಣಂತಿ ಉಳಿಯಂಗಿಲ್ಲ ಅಂತ ಹಿರಿಯಾರು ಹೇಳ್ತಾರ, ನಿನ್ನ ಕಿರಿಸೊಸಿಗೆ ಎಷ್ಟು ತಿಂಗಳಾದವು? ಅಂತ ಕೇಳಿದಳಂತೆ. ನೀಲಗಂಗವ್ವ ನಿನ್ನ ನಾಲಿಗಿಗೆ ಬರೆ ಹಾಕಾ ಅಂತ ಬೈದು ಕೊಡ ಎತ್ತಿಕೊಂಡು ಬಂದಳು. ಬಂದಳು ಅಷ್ಟೇ, ಕೊಡದಲ್ಲಿ ನೀರು ತುಂಬೋದನ್ನೇ ಮರೆತಿದ್ದಳಂತೆ.

ಆಮೇಲೆ ಶಾಸ್ತ್ರಿಗಳ ಹತ್ತಿರ ಹೋದಳು. ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂದರು ಅವರು. ಯಾರಿಗೆ ಕೊಡಬೇಕ್ರೀ ಅಂದಳು. ನನಗೇ ಅಂದರು. ಅಕ್ಕಸಾಲಿಗನಿಂದ ಬಾಲ, ಮೀಸೆ ಎಲ್ಲ ಮಾಡಿಸಿ ಕೊಟ್ಟಳಂತೆ. ಹುಣ್ಣಿಮೆ ಬರೋದರೊಳಗೆ ಆ ಬೆಕ್ಕು ಶಾಸ್ತ್ರಿಗಳ ಹೆಂಡತಿಯ ಕೊರಳಲ್ಲಿ ಸರವಾಗಿ ಓಡಾಡುತ್ತಿತ್ತು. ಆದರೆ ಮನೆಯಲ್ಲಿ ಮರಿಗಳ ಕಿರುಚಾಟ ನಿಲ್ಲಲಿಲ್ಲ. ಬಂಗಾರದ ಬೆಕ್ಕಿಗೆ ಮೊಲೆ ಇರೋದಿಲ್ಲವಲ್ಲ.

ಶಾಸ್ತ್ರಿಗಳ ಮನೆಯಿಂದ ಬಂದ ದಿನವೇ ನೀಲಗಂಗವ್ವ ಮನಸ್ಸಿನಲ್ಲಿ ಒಂದು ಹರಕೆ ಕಟ್ಟಿಕೊಂಡಳಂತೆ. ತಾಯಿ ಅಂತೂ ಹೋಯಿತು, ಮರಿ ಒಂದಾದರೂ ಬದುಕಲಿ, ಅದು ಬದುಕಿದರೆ ನನ್ನ ಫಕ್ಕೀರವ್ವ ಬದುಕುತ್ತಾಳೆ. ಯಾರಿಗೂ ಹೇಳಲಿಲ್ಲ. ಮೂರು ಮರಿ ತಂದು ಹಿರಿಸೊಸೆಗೆ ಒಂದು, ನಡುಸೊಸೆಗೆ ಒಂದು ಕೊಟ್ಟು, ಬೂದಿಬಣ್ಣದ್ದು ಒಂದನ್ನ ತಾನು ಇಟ್ಟುಕೊಂಡಳು.

ಹಿರಿಸೊಸೆಯದು ಅವಸರದ ಕೈ. ಹಸಿದಿದೆ ಪಾಪ ಅಂತ ಮರಿಯನ್ನ ಅಂಗಾತ ಮಲಗಿಸಿ, ಕೂಸುಗಳಿಗೆ ಹಾಲು ಕುಡಿಸೋ ಒಳಲೆಯಿಂದ ಬಾಯಿಗೆ ಹಾಲು ಸುರಿದಳಂತೆ. ಹಾಲು ಹೊಟ್ಟೆಗೆ ಹೋಗಲಿಲ್ಲ, ಉಸಿರಿಗೆ ಹೋಯಿತು. ಗೊರ್ ಅಂತ ಒಂದು ಸದ್ದು ಬಂತು, ಮೂಗಲ್ಲಿ ಹಾಲಿನ ಗುಳ್ಳೆ ಬಂತು, ಅಷ್ಟೇ. ಆ ಗೊರ್ ಅನ್ನೋ ಸದ್ದು ಪಕ್ಕದಲ್ಲಿದ್ದ ನೀಲಗಂಗವ್ವನ ಕಿವಿಯಲ್ಲಿ ಕೂತುಬಿಟ್ಟಿತಂತೆ. ನಡುಸೊಸೆ ಮರೆಗುಳಿ. ಒಲೆಯ ಪಕ್ಕ ಬುಟ್ಟಿಯಲ್ಲಿಟ್ಟು, ಬೆಚ್ಚಗಿರಲಿ ಅಂತ ಹೇಳಿ ನೀರು ತರೋಕೆ ಹೋಗಿ, ಅಲ್ಲಿ ಗಿರಿಮಲ್ಲವ್ವನ ಜೊತೆ ಮಾತಿಗೆ ನಿಂತಳು. ಬುಟ್ಟಿ ಮೊದಲು ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. ಆಮೇಲೆ ಬುಟ್ಟಿಯಿಂದ ಸದ್ದು ಬರಲಿಲ್ಲವಂತೆ.

ಉಳಿದದ್ದು ಬೂದಿಬಣ್ಣದ ಮರಿ.

ನೀಲಗಂಗವ್ವ ಮೂರು ಗಂಡುಮಕ್ಕಳನ್ನ ಹೆತ್ತವಳೇ ಹೊರತು ಒಂದನ್ನೂ ಕೈಯಾರೆ ಬೆಳೆಸಿದವಳಲ್ಲ. ಮನೆ ತುಂಬ ಆಳುಗಳಿದ್ದರು, ಅತ್ತೆ ಇದ್ದಳು. ಈಗ ವಯಸ್ಸಾದ ಮೇಲೆ ಹುಣಸೆಕಾಯಿಯಷ್ಟು ಮರಿ ಅವಳಿಗೆ ಪಾಠ ಹೇಳೋಕೆ ಕೂತಿತ್ತು. ಬುಟ್ಟಿಯ ಬಿಸಿ ನಂಬಲಿಲ್ಲ ಅವಳು, ಸೀರೆಯ ಉಡಿಯಲ್ಲಿ ಹೊಟ್ಟೆಗೆ ತಾಗಿಸಿ ಕಟ್ಟಿಕೊಂಡಳು. ಒಳಲೆಯನ್ನ ಮುಟ್ಟಲಿಲ್ಲ, ದೀಪದ ಬತ್ತಿಯನ್ನ ಆಡಿನ ಹಾಲಲ್ಲಿ ಅದ್ದಿ, ಮರಿಯನ್ನ ಬೋರಲು ಹಿಡಿದು, ಅದು ತಾನೇ ಚೀಪಲಿ ಅಂತ ತುಟಿಗೆ ತಾಗಿಸಿದಳು. ಚೀಪಿತು. ಆದರೆ ಹೊಟ್ಟೆ ದಿನದಿನಕ್ಕೆ ತಮಟೆಯ ಹಾಗೆ ಬಿಗಿಯುತ್ತಾ ಬಂತಂತೆ, ಉಚ್ಚೆ ಇಲ್ಲ, ಹೇಲಿಲ್ಲ. ಕುಡಿಯೋದನ್ನೂ ಬಿಟ್ಟಿತು. ಹಿರಿಸೊಸೆ, ಇದೂ ಹೊಂಟೈತ್ರೀ ಅತ್ತೀ, ಬಿಟ್ಟುಬಿಡ್ರಿ ಅಂದಳು. ನಿನ್ನ ಬಾಯಾಗ ಮಣ್ಣು ಬೀಳ್ಲಿ ಅಂತ ಬೈದು, ನೀಲಗಂಗವ್ವ ಮರಿಯನ್ನ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಅಳೋಕೆ ಕೂತಳಂತೆ. ಅಳೋಕೆ ಮನೆಯಲ್ಲಿ ಬೇರೆ ಜಾಗ ಇರಲಿಲ್ಲ, ಯಜಮಾನಿ ನೋಡು.

ಅಲ್ಲಿ ಒಂದು ಎಮ್ಮೆ ಆಗಷ್ಟೇ ಕರು ಹಾಕಿತ್ತು. ಎಮ್ಮೆ ಕರುವಿನ ಮುಖ ನೆಕ್ಕಿತು, ಬೆನ್ನು ನೆಕ್ಕಿತು, ಆಮೇಲೆ ಬಾಲ ಸರಿಸಿ ಹಿಂದೆ ನೆಕ್ಕಿತು, ನೆಕ್ಕುತ್ತಲೇ ಇತ್ತು, ಕರು ಸೊರ್ ಅಂತ ಉಚ್ಚೆ ಹೊಯ್ದಿತು. ನೀಲಗಂಗವ್ವ ಅಳು ನಿಲ್ಲಿಸಿ ನೋಡಿದಳಂತೆ. ಎದ್ದವಳೇ ನೀರು ಬೆಚ್ಚಗೆ ಮಾಡಿ, ಸೆರಗಿನ ತುದಿ ಅದ್ದಿ, ಮರಿಯ ಹಿಂದೆ ಮೆಲ್ಲಗೆ, ನಾಲಿಗೆ ಆಡಿಸಿದ ಹಾಗೆ ಒರೆಸಿದಳು. ಒರೆಸಿದಳು, ಒರೆಸಿದಳು. ಮರಿ ಅವಳ ಅಂಗೈ ತುಂಬ ಉಚ್ಚೆ ಹೊಯ್ದಿತಂತೆ. ಕೊಟ್ಟಿಗೆಗೆ ಹೋಗಿಬಂದರೆ ಮೂರು ಚೊಂಬು ನೀರಲ್ಲಿ ಕಾಲು ತೊಳೆಯೋ ಹೆಂಗಸು, ಆ ಕೈಯನ್ನ ಎಲ್ಲರಿಗೂ ತೋರಿಸಿಕೊಂಡು ಬಂದಳಂತೆ, ಪ್ರಸಾದ ತಂದವರ ಹಾಗೆ.

ಫಕ್ಕೀರವ್ವ ಬಿದ್ದು ಬಿದ್ದು ನಕ್ಕಳು. ಅತ್ತೀ, ನನ್ನ ಕೂಸನ್ನೂ ಹಿಂಗ ಉಡ್ಯಾಗ ಕಟ್ಕೊಂಡು ತಿರಗ್ತೀರೇನ್ರೀ? ಅಂತ ಕೇಳಿದಳು. ನಿನಗೇನು ಧಾಡಿ ಆಗೇತಿ, ನಿನ್ನ ಕೂಸು ನೀ ನೋಡ್ಕೋ ಅಂದಳಂತೆ ಅತ್ತೆ. ಬೈದಳು, ಆದರೆ ಅವತ್ತು ಅವಳ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕಿದಳು.

ಮರಿ ಕಣ್ಣು ಬಿಟ್ಟಿತು, ಉಗುರು ಬಂತು, ಉಡಿಯಿಂದ ಹೆಗಲಿಗೆ ಹತ್ತೋದು ಕಲಿತಿತು. ನೀಲಗಂಗವ್ವ ಮನಸ್ಸಿನಲ್ಲೇ ಲೆಕ್ಕ ತೀರಿತು ಅಂದುಕೊಂಡಳು. ಅಂದುಕೊಂಡ ಹೊತ್ತಿಗೇ ಫಕ್ಕೀರವ್ವನಿಗೆ ನೋವು ಬಂತಂತೆ.

ನೋವು ಬಂತು, ಕೂಸು ಬರಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದದ್ದೆಲ್ಲ ಮಾಡಿದಳು, ಗೊತ್ತಿಲ್ಲದ್ದನ್ನೂ ಮಾಡಿದಳು. ಮೂರನೇ ದಿನ ಹೆಣ್ಣುಕೂಸು ಅತ್ತಿತು, ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಫಕ್ಕೀರವ್ವ ಅತ್ತೆಯನ್ನ ಹತ್ತಿರ ಕರೆದಳಂತೆ. ಅತ್ತೀ, ಆ ಬೆಕ್ಕು ಅವತ್ತು ಖರೇನ ಒದರಿತ್ತಲ್ರೀ? ಅಂದಳು. ನೀಲಗಂಗವ್ವ ಸೊಸೆಯ ಹಣೆ ಒರೆಸುತ್ತಾ, ಒದರಿತ್ತವ್ವಾ, ಮೂರು ಸಲ ಒದರಿತ್ತು, ನನಗೂ ಕೇಳಿಸಿತ್ತು ಅಂದಳಂತೆ. ನನಗ ಗೊತ್ತಿತ್ತು ಬಿಡ್ರಿ ಅಂದಳು ಫಕ್ಕೀರವ್ವ. ಅಷ್ಟು ಹೇಳಿ ಕಣ್ಣು ಮುಚ್ಚಿದಳು, ಮತ್ತೆ ತೆರೆಯಲಿಲ್ಲವಂತೆ.

ಬೆಕ್ಕಿನ ಶಾಪ ಅಂದಿತು ಊರು. ಹೆರಿಗೆಯಲ್ಲಿ ಹೆಂಗಸು ಸಾಯೋಕೆ ಆ ಕಾಲದಲ್ಲಿ ಶಾಪ ಬೇಕಾಗಿರಲಿಲ್ಲ ಕೂಸೇ, ಶಾಪ ಇಲ್ಲದ ಮನೆಗಳಲ್ಲೂ ಸಾಯುತ್ತಿದ್ದರು. ಆದರೆ ನೀಲಗಂಗವ್ವನಿಗೆ ಅದನ್ನ ಹೇಳೋರು ಯಾರು? ಅವಳು ಹೆಗಲ ಮೇಲಿದ್ದ ಮರಿಯನ್ನ ಕಿತ್ತು ಹಿಡಿದು, ಸುಳ್ಳುಬುರುಕ ಮುಂಡೇದೆ, ನಿನಗ ಹಾಲು ಹಾಕಿದ್ದು ಇದಕ್ಕೇನು? ಅಂತ ಕಿರುಚುತ್ತಾ ಹಿತ್ತಲ ಹಾಳುಬಾವಿಯ ಕಡೆ ಹೋದಳಂತೆ. ಬಾವಿಯ ಮೇಲೆ ಕೈ ಚಾಚಿದಳು. ಮರಿ ಬೀಳಲಿಲ್ಲ. ಅದಕ್ಕೇನು ಗೊತ್ತು, ಆಟ ಅಂದುಕೊಂಡು ನಾಲ್ಕೂ ಕಾಲಿನ ಉಗುರನ್ನ ಸೆರಗಿಗೆ ಸಿಕ್ಕಿಸಿಕೊಂಡು ಜೋತುಬಿದ್ದಿತ್ತು.

ಅವಳು ಒಂದೊಂದೇ ಉಗುರು ಬಿಡಿಸುತ್ತಿದ್ದಳಂತೆ. ಆಗ ಮನೆಯೊಳಗಿನಿಂದ ಒಂದು ಸದ್ದು ಬಂತು.

ಗೊರ್ ಅಂತ.

ನೀಲಗಂಗವ್ವ ಓಡಿದಳು. ಅಷ್ಟು ವಯಸ್ಸಾದ ಹೆಂಗಸು, ಸೀರೆಯ ನಿರಿಗೆ ಬಿಚ್ಚಿಹೋದರೂ ನಿಲ್ಲದೆ ಓಡಿದಳಂತೆ, ಸೆರಗಲ್ಲಿ ಬೆಕ್ಕಿನ ಮರಿ ನೇತಾಡುತ್ತಾ ಇತ್ತು. ಒಳಗೆ ಹಿರಿಸೊಸೆ ತಾಯಿಯಿಲ್ಲದ ಕೂಸನ್ನ ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಹಾಲು ಸುರಿಯುತ್ತಿದ್ದಳು. ಸುರೀಬ್ಯಾಡ! ಅಂತ ಒಳಲೆ ಕಸಿದು ಗೋಡೆಗೆ ಎಸೆದು, ಕೂಸನ್ನ ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು. ಕೂಸಿನ ಮೂಗಿನಿಂದ ಹಾಲು ಇಳಿಯಿತು, ತುಟಿ ನೀಲಿ ಆಗಿತ್ತು, ಆಮೇಲೆ ಕೆಂಪಗಾಯಿತು, ಆಮೇಲೆ ಮನೆ ಹಾರಿಹೋಗೋ ಹಾಗೆ ಅತ್ತಿತಂತೆ.

ಊರಲ್ಲಿ ಬಾಣಂತಿಯರಿದ್ದರು. ಆದರೆ ಶಾಪದ ಮನೆಯ ಕೂಸಿಗೆ ಮೊಲೆ ಕೊಡೋಕೆ ಯಾರೂ ಬರಲಿಲ್ಲ. ಒಂದು ಬಾಗಿಲಲ್ಲಿ ಹಾಲಿಲ್ಲ ಅಂದರು, ಇನ್ನೊಂದರಲ್ಲಿ ಗಂಡ ಬೈತಾನೆ ಅಂದರು, ಮೂರನೇದರಲ್ಲಿ ಬಾಗಿಲೇ ತೆಗೆಯಲಿಲ್ಲ. ಇದು ಉಳಿಯಂಗಿಲ್ಲ ಬಿಡ್ರಿ ಅಂದರು ಎಲ್ಲರೂ. ನೀಲಗಂಗವ್ವ ದೀಪದ ಗೂಡಿನಿಂದ ಹೊಸ ಬತ್ತಿ ತಗೊಂಡು, ಆಡಿನ ಹಾಲು ಕಾಯಿಸಿ, ಬತ್ತಿ ಅದ್ದಿ, ಕೂಸಿನ ತುಟಿಗೆ ತಾಗಿಸಿದಳಂತೆ. ತಾನೇ ಚೀಪಲಿ ಅಂತ ಕಾದಳು. ಕಾಯೋದನ್ನ ಕಲಿಸಿದ್ದು ಆ ಹುಣಸೆಕಾಯಿ ತಾನೇ? ಉಡಿಯಲ್ಲಿ ಹೊಟ್ಟೆಗೆ ತಾಗಿಸಿ ಕಟ್ಟಿಕೊಂಡಳು. ಹೊಟ್ಟೆ ಬಿಗಿದಾಗ ಬೆಚ್ಚನೆ ಬಟ್ಟೆಯಿಂದ ಒರೆಸಿದಳು. ಹಾಗೆ ಕೂಸು ಉಡಿಯಲ್ಲಿ, ಬೆಕ್ಕು ಹೆಗಲಲ್ಲಿ, ಯಜಮಾನಿ ರೊಟ್ಟಿ ಬಡಿಯುತ್ತಾ, ಆಳುಗಳನ್ನ ಬೈಯುತ್ತಾ, ಆ ಬೇಸಿಗೆ ಕಳೆಯಿತಂತೆ.

ಮುಂಗಾರು ಬಂತು, ಹಗೇವು ತೆಗೆದರು. ಜೋಳದ ಮೇಲೆ, ಕಲ್ಲಿನ ಕೆಳಗೇ, ಬೆಕ್ಕಿನ ಮೂಳೆ ಇತ್ತು. ಕಲ್ಲಿನ ಒಳಮೈಯಲ್ಲಿ ಉಗುರಿನ ಗೆರೆಗಳಿದ್ದವು, ಮೇಲ್ಮೈಯಲ್ಲಿ ಒಣಗಿದ ಅರಿಶಿಣದ ಕೈ ಇತ್ತು. ಆಳು ಮೂಳೆಗಳನ್ನ ಎತ್ತಿ ಎಸೆಯೋಕೆ ಹೋದ. ನೀಲಗಂಗವ್ವ ತಡೆದು, ತಾನೇ ಒಂದೊಂದೇ ಮೂಳೆ ಆರಿಸಿ, ಫಕ್ಕೀರವ್ವನನ್ನ ಮಣ್ಣು ಮಾಡಿದ್ದರಲ್ಲ, ಅಲ್ಲಿ ಅವಳ ಕಾಲ ಹತ್ತಿರ ಹುಗಿದಳಂತೆ. ಊರು ಗೊಣಗಿತು. ಗೊಣಗೋದು ಊರಿನ ಕೆಲಸ.

ಕೂಸಿಗೆ ತಾಯಿಯ ಹೆಸರೇ ಇಟ್ಟರು. ಪುಟ್ಟ ಫಕ್ಕೀರವ್ವ ಅಂಬೆಗಾಲಿಟ್ಟಳು, ಬೆಕ್ಕಿನ ಬಾಲ ಹಿಡಿದೇ ಎದ್ದು ನಿಲ್ಲೋದು ಕಲಿತಳು. ಮತ್ತೆ ಸುಗ್ಗಿ ಬಂದು ಹಗೇವು ತುಂಬಿತು, ಗಂಡಸರು ಕಲ್ಲಿಗೆ ಕೈ ಹಾಕಿದರು. ತಡೀರಿ ಅಂದಳಂತೆ ನೀಲಗಂಗವ್ವ. ಮೊಮ್ಮಗಳನ್ನ ಸೊಂಟಕ್ಕೆ ಏರಿಸಿಕೊಂಡು ಹಗೇವಿನ ಬಾಯಿಗೆ ಬಗ್ಗಿ, ಒಳಗ ಯಾರದೀರಿ, ಹೊರಗ ಬರ್ರೀ ಅಂತ ಕೂಗಿದಳು. ಒಂದು ಉಸಿರು ಕಾದಳು. ಮತ್ತೆ ಕೂಗಿದಳು, ಕಾದಳು. ಮೂರನೇ ಸಲ ಕೂಗಿ, ಎಲ್ಲಕ್ಕಿಂತ ಜಾಸ್ತಿ ಹೊತ್ತು ಕಾದಳಂತೆ. ಏನೂ ಕೇಳಿಸಲಿಲ್ಲ. ಆಮೇಲೇ ಕಲ್ಲು ಎಳೆಸಿದಳು, ಆಮೇಲೇ ಕೈಯೊತ್ತಿದಳು. ಈ ಸಲ ಪಕ್ಕದಲ್ಲಿ ಒಂದು ಪುಟ್ಟ ಕೈಯನ್ನೂ ಒತ್ತಿಸಿದಳಂತೆ.

ಅವತ್ತಿನಿಂದ ಆ ಸೀಮೆಯಲ್ಲಿ ಮೂರು ಸಲ ಕೂಗದೆ ಹಗೇವು ಮುಚ್ಚೋರಿಲ್ಲವಂತೆ. ಗಿರಿಮಲ್ಲವ್ವ ಕೂಡ ಕೂಗಿದಳಂತೆ, ಅವಳ ದನಿಗೆ ಒಳಗಿನ ಇಲಿಗಳೆಲ್ಲ ಹೊರಗೆ ಬಂದವಂತೆ. ಅಜ್ಜಿ, ಮೊಮ್ಮಗಳು, ಬೂದಿಬೆಕ್ಕು ಮೂವರೂ ಒಂದೇ ಕೌದಿಯಲ್ಲಿ ಮಲಗಿ, ಉಂಡು ತಿಂದು ಬಹಳ ಕಾಲ ಬಾಳಿದರಂತೆ.

ಎದ್ದು ಎಲ್ಲಿಗೆ ಹೊರಟೆ? ಬಾಗಿಲಿಗಾ? ಸರಿ, ಹೋಗು, ಕತ್ತಲೆಗೆ ಮೂರು ಸಲ ಕೂಗಿ, ಚೆನ್ನಾಗಿ ಕೇಳಿಸಿಕೊಂಡು, ಆಮೇಲೆ ಅಗುಳಿ ಹಾಕು. ಹಾಕಿದೆಯಾ? ಯಾರೂ ಹೊರಗೆ ಉಳಿದಿಲ್ಲ ತಾನೇ? ಹಾಗಾದರೆ ಕತೆಯೂ ಮುಗೀತು, ಬಾ ಮಲಗು.