ಸಿಡಿಲರಾಯನ ಸೈಲೆನ್ಸರ್

"ಕೇಳಿರಿ, ಕೇಳಿರಿ! ನಮ್ಮ ಅರಮನೆಯ ಜೀಪು ಬಯಲಲ್ಲಿ ಹಾರುತ್ತದೆ, ಕೋಟೆಯ ಏರು ಬಂದರೆ ಮುಗ್ಗರಿಸಿ ನಿಲ್ಲುತ್ತದೆ. ರಾಜಕುಮಾರಿಯ ಮೂರು ಒಗಟು ಬಿಡಿಸಿ ಅದನ್ನು ಏರಿಸಿದವನಿಗೆ ಅವಳನ್ನು ಕೊಟ್ಟು ಮದುವೆ. ತಪ್ಪಿದವನ ತಲೆ ತೆಗೆಯಲಾಗುವುದು!"

ಡಂಗುರ ಸಾರಿಸಿದ ದೊರೆ ಸಿಡಿಲರಾಯನಿಗೆ ಸದ್ದೇ ಶಕ್ತಿ ಎಂಬ ನಂಬಿಕೆ. ಜೀಪಿನ ಸೈಲೆನ್ಸರ್ ಕೀಳಿಸಿ, ಬಿಂದಿಗೆ ಬಾಯಷ್ಟು ಅಗಲದ ಹೊಗೆಕೊಳವೆ ಕೂರಿಸಿದ ಪುಣ್ಯಾತ್ಮ ಅವನೇ. ಮಗಳು ಹೊನ್ನಾಜಿ ಬಾನೆಟ್ ಎತ್ತಿ ನೋಡುವ ಹುಡುಗಿ. ತಪ್ಪು ಎಲ್ಲಿದೆಯೆಂದು ಅಪ್ಪನಿಗೆ ಹೇಳಿ ಹೇಳಿ ಸಾಕಾಗಿ ಒಗಟು ಕಟ್ಟಿದ್ದಳು. ತಲೆಯ ಷರತ್ತು ಮಾತ್ರ ಅಪ್ಪನದು.

"ಗಂಟಲು ಹಿಗ್ಗಿದಷ್ಟೂ ಅರಚುತ್ತದೆ, ಅರಚಿದಷ್ಟೂ ಸೊರಗುತ್ತದೆ. ಯಾವುದು?" ಹೊನ್ನಾಜಿ ತುಂಬಿದ ಸಭೆಯಲ್ಲಿ ಕೇಳಿದಳು.

ಪಕ್ಕದ ದೇಶದ ಯುವರಾಜ "ಕಪ್ಪೆ" ಎಂದ. ರೇಷ್ಮೆ ಸಾಹುಕಾರನ ಮಗ "ಆಸ್ಥಾನದ ಗಾಯಕರು" ಎಂದ. ಇಬ್ಬರೂ ತಲೆ ಹೋಗುವ ದಿನ ಕಾಯುತ್ತಾ ಸೆರೆಮನೆ ಸೇರಿದರು.

ಅರಮನೆಯ ಪಾತ್ರೆಗಳಿಗೆ ಕಲಾಯಿ ಹಾಕಲು ಬಂದಿದ್ದ ಬೋರಲಿಂಗ ಕೈ ಒರೆಸಿಕೊಂಡು ಎದ್ದ. "ಹೊಗೆಕೊಳವೆ, ತಾಯಿ. ನಮ್ಮವ್ವನ ಊದುಗೊಳವೆ ಸಣ್ಣಕಿರೋದ್ಕೇ ಒಲೆ ಉರೀತದೆ. ದಪ್ಪ ಮಾಡುದ್ರೆ ಉಸ್ರು ಅಲ್ಲೇ ಸತ್ತೋಯ್ತದೆ."

ಹೊನ್ನಾಜಿಯ ಕಣ್ಣರಳಿತು. "ಮುಂದೆ ಹೋದವನು ಹಿಂತಿರುಗಿ ನೋಡುವುದಿಲ್ಲ, ಆದರೂ ಹಿಂದಿನವನನ್ನು ಎಳೆದುಕೊಂಡೇ ಹೋಗುತ್ತಾನೆ. ಯಾರು?"

"ಹೊಗೆ. ಕೊಳವೆ ಅಳತೆಗಿದ್ರೆ ಮುಂದಿನ ಹೊಗೆ ರಭಸವಾಗಿ ಓಡ್ತದೆ, ಹಿಂದಿನದನ್ನೂ ಎಳ್ಕೋತದೆ. ಇಂಜಿನ್ ಹೊಟ್ಟೆ ಖಾಲಿಯಾದ್ರೆ ತಾನೆ ಹೊಸ ಗಾಳಿ ಉಣ್ಣೋದು?"

"ಒಂದೇ ಮನೆಯ ನಾಲ್ವರು ಅಣ್ಣತಮ್ಮಂದಿರು. ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಜಗಳ. ನಾಲ್ಕು ಬಾಗಿಲಾದರೆ ಯಾರಿಗೂ ಯಾರ ಆಸರೆಯಿಲ್ಲ. ಹೇಗೆ ಹೊರಡಿಸುವುದು?"

ಕತ್ತಿ ಹಿಡಿದವನು ಕೆಮ್ಮಿದ. ಕಲಾಯಿಯವನು ನಾಲ್ಕು ಬೆರಳು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

"ಇಬ್ಬಿಬ್ರನ್ನ ಜೊತೆ ಮಾಡಿ, ತಾಯಿ. ಒಬ್ಬನ ಬೆನ್ನಿಗೇ ಹೊರಡೋನ್ನ ಅವನ ಜೊತೆ ಹಾಕ್ಬಾರ್ದು. ಇಂಜಿನ್‌ನ ನಾಲ್ಕು ಹೊಗೆಕೊಳವೆ ಎರಡಾಗ್ಲಿ, ಎರಡು ಮುಂದೋಗಿ ಒಂದಾಗ್ಲಿ. ಆಗ ನಿಧಾನಕ್ಕೋದ್ರೂ ಎಳೆತ ಇರ್ತದೆ."

"ಬಾಯಿಮಾತು ಸಾಕು, ಏರಿಸಿ ತೋರಿಸು!" ದೊರೆ ಗುಡುಗಿದ.

ಬೋರಲಿಂಗ ಎರಡು ದಿನ ಕೊಳವೆ ಬಗ್ಗಿಸಿ, ಬೆಸೆದು, ತುದಿಗೆ ಸೈಲೆನ್ಸರ್ ಕೂರಿಸಿದ. ಆಮೇಲೆ ಕೈಮುಗಿದು, "ಬುದ್ಧಿ, ಭಾರ ಇಲ್ದೆ ಹತ್ತಿದ್ರೆ ಏನು ಬಂತು? ಸೆರೆಲಿರೋ ಇಬ್ರೂ ಹಿಂದ್ಗಡೆ ಕೂತ್ಕೊಳ್ಳಲಿ. ಜೀಪು ಹತ್ತಿದ್ರೆ ಅವರ ತಲೇನೂ ಉಳೀಲಿ" ಎಂದ.

"ಹತ್ತದಿದ್ದರೆ ಮೂರು ತಲೆ!" ಎಂದು ದೊರೆ ಮೇನೆಯಲ್ಲಿ ಕೋಟೆಗೆ ಹೋಗಿ, ಅಂಗಳದ ಗೋಡೆಗೆ ಕಿವಿಗೊಟ್ಟು ನಿಂತ. ಕೆಳಗಿನಿಂದ ಒಂದು ಗುಡುಗಿಲ್ಲ, ಒಂದು ಅಬ್ಬರವಿಲ್ಲ.

"ನಿಂತೇ ಹೋಯಿತು! ಕತ್ತಿ ಮಸೆಯಿರಿ!"

ಬೆನ್ನ ಹಿಂದೆಯೇ ಹಾರನ್ ಮೊಳಗಿತು. ದೊರೆ ಮಾರುದ್ದ ಹಾರಿದ. ಜೀಪು ಆಗಲೇ ಕೋಟೆಯ ಅಂಗಳದಲ್ಲಿತ್ತು. ಪಕ್ಕದಲ್ಲಿ ಬೋರಲಿಂಗನನ್ನು ಕೂರಿಸಿಕೊಂಡು ಸ್ಟೀರಿಂಗ್ ಹಿಡಿದಿದ್ದ ಹೊನ್ನಾಜಿ, "ಅಪ್ಪಾಜಿ, ಸ್ವಲ್ಪ ದಾರಿ ಬಿಡಿ" ಎಂದಳು. ಯುವರಾಜನೂ ಸಾಹುಕಾರನ ಮಗನೂ ಕುತ್ತಿಗೆ ಸವರಿಕೊಳ್ಳುತ್ತಾ ಇಳಿದರು.

ಸಿಡಿಲರಾಯ ಅಲ್ಲೇ ಮದುವೆ ನಿಶ್ಚಯಿಸಿ, ತಲೆ ತೆಗೆಯುವ ಷರತ್ತನ್ನೂ ತೆಗೆದುಹಾಕಿದ. ಹೊನ್ನಾಜಿ ಬೋರಲಿಂಗನತ್ತ ತಿರುಗಿ, "ನಿನಗೆ ಒಪ್ಪಿಗೆ ತಾನೆ?" ಎಂದು ಕೇಳಿದಳು.

ಬೋರಲಿಂಗ ಅಭ್ಯಾಸಬಲದಿಂದ ಕೈಮುಗಿದ. "ಒಪ್ಪಿಗೆ, ತಾಯಿ."

"ಇನ್ನೂ ತಾಯಿ ಅಂತೀಯಲ್ಲೋ! ನಾನು ನಿನ್ನ ಹೆಂಡ್ತಿ ಆಗೋಳು!"