ಹೊಳೆಗಲ್ಲು

ಕರಿಸಿದ್ಧಜ್ಜನ ಮಠ ದಿಬ್ಬದ ಮೇಲಿತ್ತು. ದಿಬ್ಬದ ಕೆಳಗೆ ನೆಲ, ನೆಲದ ಆಚೆ ಹೊಳೆ. ನಡುವೆ ಒಂದು ಸಾಲು ಕಲ್ಲು.

ಆ ಕಲ್ಲುಗಳಿಗೆ ಊರವರು ಹೊಳೆಗಲ್ಲು ಅನ್ನುತ್ತಿದ್ದರು. ಯಾವುದೋ ಕಾಲದಲ್ಲಿ ಹೊಳೆಗೆ ದೊಡ್ಡ ನೆರೆ ಬಂದು, ನೀರು ಎಲ್ಲಿಗೆ ಮುಟ್ಟಿತ್ತೋ ಅಲ್ಲಿ ಹಿರಿಯರು ನೆಟ್ಟದ್ದು. ಕಲ್ಲಿನ ಒಳಗಿನ, ಅಂದರೆ ಹೊಳೆಯ ಕಡೆಯ, ನೆಲ ಹೊಳೆಯದು. ನೀರಿಳಿದ ಮೇಲೆ ಅಲ್ಲಿ ಕಡಲೆ ಬಿತ್ತು, ಸೌತೆ ಹಾಕು, ದನ ಮೇಯಿಸು, ಯಾರೂ ಕೇಳುವುದಿಲ್ಲ. ಗೋಡೆ ಮಾತ್ರ ಎಬ್ಬಿಸುವಂತಿಲ್ಲ. ಕಲ್ಲಿನ ಹೊರಗೆ ಮನೆ ಕಟ್ಟಿದವನು ನಿಶ್ಚಿಂತೆಯಿಂದ ಮಲಗಬಹುದು.

ಇಷ್ಟೇ ಆ ಊರಿನ ಕಾಯಿದೆ. ಬರೆದಿಟ್ಟವರಿಲ್ಲ, ಮೀರಿದವರೂ ಇರಲಿಲ್ಲ.

ಪ್ರತಿ ವರ್ಷ ಯುಗಾದಿ ಆದ ಮೇಲೆ ಮಠದವರು ಆ ಕಲ್ಲುಗಳಿಗೆ ಸುಣ್ಣ ಬಳಿಯಬೇಕು. ವಾಲಿದ್ದನ್ನು ನೆಟ್ಟಗೆ ನಿಲ್ಲಿಸಬೇಕು. ಸುಣ್ಣ ಯಾರ ಕೈಯದೋ ಆ ವರ್ಷ ಹೊಳೆಯ ವಿಷಯದಲ್ಲಿ ಕೊನೆಯ ಮಾತು ಅವರದೇ.

ಆ ವರ್ಷ ಮಠದ ಗುರುಗಳಾದ ಅಜ್ಜಾರು ಸುಣ್ಣದ ಗಡಿಗೆಯನ್ನು ಶಿಷ್ಯ ಈರಭದ್ರನ ಕೈಗೆ ಕೊಟ್ಟರು.

"ನನ್ನ ಮೊಣಕಾಲ ಬಾಗವಲ್ಲವು, ತಮ್ಮಾ. ಇನ್ನ ಈ ಕೆಲಸ ನಿಂದು."

ಈರಭದ್ರನಿಗೆ ಸಪ್ಪೆ ಅನ್ನಿಸಿತು. ಏನೋ ದೊಡ್ಡ ಉಪದೇಶ ಆಗುತ್ತದೆ ಅಂತ ಅವನು ಎಷ್ಟೋ ದಿನದಿಂದ ಕಾಯುತ್ತಿದ್ದ.

"ಇದರಾಗ ಕಲಿಯೂದೇನೈತ್ರಿ ಅಜ್ಜಾರ? ಸುಣ್ಣ ಬಳಿಯೂದು, ಅಷ್ಟ ಅಲ್ಲೇನ್ರಿ?"

"ಅಷ್ಟ," ಅಂದರು ಅಜ್ಜಾರು.

ಈರಭದ್ರ ಅರ್ಧ ಸಾಲು ಬಳಿದಿದ್ದ. ಅಷ್ಟರಲ್ಲಿ ಊರ ಗೌಡ ಲಗಮಗೌಡ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಬಂದ. ಗಂಡಸರು ಸಾಲಾಗಿ ಬಗ್ಗಿ ಈರಭದ್ರನ ಕಾಲು ಮುಟ್ಟಿದರು.

"ಊರು ತುಂಬೇತ್ರಿ ಸ್ವಾಮಿಗಳ. ಹುಡುಗರ ಮದುವಿ ಆಗ್ಯಾವು. ಒಂದ ಒಲಿ ಮುಂದ ಮೂರ ಸೊಸಿಯಂದ್ರು ಕೂಡ್ರೂದು ಹ್ಯಾಂಗ್ರಿ? ಈ ಕಲ್ಲು ಒಂದೀಟು ಹೊಳಿ ಕಡೆ ಸರದ್ರ ನಮ್ಮ ಹುಡುಗರಿಗೆ ಜಾಗ ಆಗತೈತಿ."

"ಅಜ್ಜಾರನ್ನ ಕೇಳ್ರಿ ಗೌಡ್ರ."

"ಗಡಿಗಿ ನಿಮ್ಮ ಕೈಯಾಗ ಐತಲ್ರಿ, ಸ್ವಾಮಿಗಳ."

ಸ್ವಾಮಿಗಳು! ಆ ತನಕ ಊರಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. 'ಮಠದ ಹುಡುಗ' ಅನ್ನುತ್ತಿದ್ದರು, ಅದೂ ಏನಾದರೂ ಹೊರುವುದಿದ್ದಾಗ.

"ನೀರ ಬಂದ್ರ?" ಅಂತ ಕೇಳಿದ.

"ನಮ್ಮಪ್ಪನ ಕಾಲದಾಗೂ ಇಲ್ಲೀತನ ಬಂದಿಲ್ರಿ."

ಹಿಂದೆ ನಿಂತಿದ್ದ ಯಮನಪ್ಪನ ಹೆಂಡತಿ ಸಾತವ್ವ ಮುಂದೆ ಬಂದಳು. ಏಳು ತಿಂಗಳ ಬಸುರಿ. ಬಗ್ಗಲಾರದೆ ಕುಳಿತೇ ನಮಸ್ಕಾರ ಮಾಡಿದಳು. "ನನ್ನ ಕೂಸಿಗೆ ತೊಟ್ಟಿಲಾ ಕಟ್ಟಾಕ ಒಂದ ಸೂರು ಆಗತೈತ್ರಿ, ಬುದ್ಧಿ," ಅಂದಳು.

ಈರಭದ್ರನ ಕರುಳು ಚುರುಕ್ ಅಂದಿತು. ಎದೆಯೂ ಒಂದಿಷ್ಟು ಉಬ್ಬಿತು. ಯಾವುದು ಎಷ್ಟು ಅಂತ ಅವನನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ.

ದಿಬ್ಬದ ಕೆಳಗಿನ ಕಲ್ಲುಗಳನ್ನು ಕಿತ್ತು, ಹೊಳೆಯ ಕಡೆಗೆ ಕೂಗಳತೆ ದೂರ ಒಯ್ದು ನೆಟ್ಟ. ಸುಣ್ಣ ಬಳಿದ. ಹೊಸ ಸುಣ್ಣಕ್ಕೆ ಕಲ್ಲು ಅಲ್ಲೇ ಹುಟ್ಟಿದ ಹಾಗೆ ಕಾಣುತ್ತಿತ್ತು.

ಸಂಜೆ ಅಜ್ಜಾರು ದಿಬ್ಬದಿಂದ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಅಲ್ಲೀತನ ನೀರ ಬರೂದಿಲ್ಲಂತೀ?"

"ಬರೂದಿಲ್ರಿ," ಅಂದ ಈರಭದ್ರ. ಬಗ್ಗಿ ಗಡಿಗೆ ತೊಳೆಯತೊಡಗಿದ.

"ಚಲೋ ಆತು."

ಮರುದಿನ ಅಜ್ಜಾರು ಕಂಬಳಿ ಹೆಗಲಿಗೆ ಹಾಕಿಕೊಂಡು ದಿಬ್ಬ ಇಳಿದರು. ಹೊಸ ನೆಲದ ಕಟ್ಟಕಡೆಗೆ, ಸರಿಸಿದ ಕಲ್ಲಿಗೆ ಬೆನ್ನು ತಾಗುವ ಹಾಗೆ, ಜೋಳದ ಕಣಿಕೆಯ ಒಂದು ಗುಡಿಸಲು ಹಾಕಿಸಿಕೊಂಡು ಕುಳಿತರು. ಅದರಿಂದಾಚೆ ಹೊಳೆಯೇ.

"ಅಜ್ಜಾರ, ಇಲ್ಲ್ಯಾಕ್ರಿ?"

"ಮಠದಾಗ ಗಾಳಿ ಕಡಿಮಿ. ಇಲ್ಲಿ ಚಲೋ ಐತಿ. ನೀ ಹೇಳೀಯಲ್ಲ, ನೀರ ಬರೂದಿಲ್ಲಂತ."

ಈರಭದ್ರ ನಗಲಿಕ್ಕೆ ನೋಡಿದ. ನಗು ಬರಲಿಲ್ಲ.

ಬೇಸಿಗೆ ಮುಗಿಯುವುದರೊಳಗೆ ಅಲ್ಲಿ ಮಣ್ಣಿನ ಗೋಡೆಗಳು ಎದ್ದವು. ಕಾರಹುಣ್ಣಿಮೆಯ ಸುಮಾರಿಗೆ ಸಾತವ್ವ ಹಡೆದಳು. ಹೆಣ್ಣು ಕೂಸು. ಹೆಸರಿಡುವ ದಿನ ಈರಭದ್ರನನ್ನು ಕರೆದು, ಮಣೆ ಹಾಕಿ, ಮೊದಲ ಗುಗ್ಗರಿ ಅವನ ಕೈಗೇ ಹಾಕಿದರು. ಅವನು ತೊಟ್ಟಿಲು ತೂಗಿ, ಹರಸಿ, ಗುಗ್ಗರಿ ಮೆಲ್ಲುತ್ತ ಮಠಕ್ಕೆ ಬಂದ.

ಆಮೇಲೆ ಮಳೆ ಹಿಡಿಯಿತು.

ಊರಲ್ಲಿ ಜಿಟಿಜಿಟಿ ಅಷ್ಟೇ. ಮೇಲೆ ಘಟ್ಟದಲ್ಲಿ ಬಿಟ್ಟೂಬಿಡದೆ ಸುರಿಯುತ್ತಿದೆ ಅಂತ ಕುರಿ ಕಾಯುವವರು ಹೇಳಿದರು. ಒಂದು ಬೆಳಿಗ್ಗೆ ಈರಭದ್ರ ಎದ್ದು ನೋಡುತ್ತಾನೆ, ಹೊಳೆಯ ಬಣ್ಣ ಬದಲಾಗಿದೆ. ನಿನ್ನೆ ತಿಳಿಯಾಗಿದ್ದ ನೀರು ಇವತ್ತು ಕೆಂಪು ರಾಡಿ.



ಓಡಿ ಹೋಗಿ ನೀರಿನ ಅಂಚಿಗೆ ಒಂದು ಜೋಳದ ದಂಟು ಚುಚ್ಚಿ ಬಂದ. ಮಧ್ಯಾಹ್ನ ಹೋಗಿ ನೋಡಿದರೆ ದಂಟು ನೀರೊಳಗೆ. ಮತ್ತೊಂದು ಚುಚ್ಚಿದ. ಸಂಜೆಗೆ ಅದೂ ಇಲ್ಲ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಮಠದಲ್ಲಿ ಕುಳಿತರೂ ಹೊಳೆಯ ಗುಂಯ್ ಅನ್ನುವ ಸಪ್ಪಳ ಕಿವಿಯಲ್ಲಿ. ದೇವರ ಮುಂದೆ ಕಣ್ಣು ಮುಚ್ಚಿದರೆ ಕಣಿಕೆಯ ಗುಡಿಸಲು ತೇಲಿಹೋಗುವುದೇ ಕಾಣುತ್ತಿತ್ತು. 'ಶಿವನೇ, ನಮ್ಮ ಅಜ್ಜಾರನ್ನ ಉಳಿಸಪ್ಪಾ' ಅನ್ನುತ್ತಿದ್ದ. ಬೇರೆ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ.

ಗಂಜಿ ಒಯ್ಯುವ ನೆವದಲ್ಲಿ ದಿನಕ್ಕೆ ಎಷ್ಟು ಸಲ ಕೆಳಗೆ ಹೋಗುತ್ತಿದ್ದನೋ. ಸಾತವ್ವನ ಬಾಗಿಲು ದಾಟಿ, ಜೋಗುಳ ದಾಟಿ, ಗುಡಿಸಲ ಮುಂದೆ ಹೋಗಿ ಏದುಸಿರು ಬಿಡುತ್ತ ನಿಲ್ಲುತ್ತಿದ್ದ.

"ಅಜ್ಜಾರ, ನಿಮ್ಮನ್ನ ನೋಡಾಕ ದೂರದಿಂದ ಯಾರೋ ಮಠಕ್ಕ ಬಂದಾರ್ರಿ. ಮ್ಯಾಲ ಬರ್ರಿ."

"ಅವರನ್ನ ಇಲ್ಲೇ ಕರಕೊಂಡ ಬಾ."

ಯಾರೂ ಬಂದಿರಲಿಲ್ಲ. ಅಜ್ಜಾರಿಗೂ ಅದು ಗೊತ್ತಿತ್ತು.

ಇನ್ನೊಂದು ದಿನ ಅವನು ಹೋದಾಗ ಅಜ್ಜಾರು ಸಾತವ್ವನ ಜೊತೆ ಮಾತಾಡುತ್ತಿದ್ದರು.

"ಮಳಿಗಾಲ ಮುಗಿಯೂತನ ತೊಟ್ಟಿಲಾ ಮಠದಾಗ ಕಟ್ಟಬಾರದೇನ, ತಂಗಿ?"

"ಯಾಕ್ರಿ ಅಜ್ಜಾರ? ನಾವು ಕಲ್ಲಿನ ಹೊರಗ ಅದೀವಲ್ರಿ," ಅಂದಳು ಸಾತವ್ವ. ಈರಭದ್ರನ ಕಡೆ ನೋಡಿ ನಕ್ಕು ಒಳಗೆ ಹೋದಳು.

ಈರಭದ್ರನಿಗೆ ಅವಳ ನಗು ಸರಿಯಾಗಿ ಕಾಣಲೂ ಇಲ್ಲ. ಅವನ ಕಣ್ಣು ಅಜ್ಜಾರ ಮೊಣಕಾಲಿನ ಮೇಲೆ. ನೀರು ಒಮ್ಮೆಲೇ ನುಗ್ಗಿದರೆ ಇವರು ಏಳುವುದು ಯಾವಾಗ, ನಡೆಯುವುದು ಯಾವಾಗ?

ಕಾಲು ಹಿಡಿದುಕೊಂಡ.

"ಬರ್ರಿ ಅಜ್ಜಾರ. ನಿಮ್ಮ ಪಾದಕ್ಕ ಬೀಳತೀನಿ. ನನಗ ಅಂಜಿಕಿ ಬರತೈತ್ರಿ."

"ಯಾತರ ಅಂಜಿಕಿ? ಗುರು ಎದ್ದು ಹ್ವಾದ ಅಂದ್ರ ಶಿಷ್ಯನ ಕಲ್ಲು ಸುಳ್ಳಾಗೂದಿಲ್ಲೇನು?"

"ಹಂಗಾರ ಆ ಕಲ್ಲು ನೀವ ಕಿತ್ತು ಹಿಂದಕ್ಕ ಇಟ್ಟಬಿಡ್ರಿ!"

ಅಜ್ಜಾರು ತಲೆ ಅಲ್ಲಾಡಿಸಿದರು.

"ಒಬ್ಬ ಇಟ್ಟದ್ದನ್ನ ಇನ್ನೊಬ್ಬ ಕಿತ್ತರ, ನಾಳೆ ಯಾವ ಕಲ್ಲನ್ನೂ ಯಾರೂ ನಂಬೂದಿಲ್ಲ, ತಮ್ಮಾ. ಇಟ್ಟ ಕೈನ ಕೀಳಬೇಕು."

ಇಟ್ಟ ಕೈ! ಈರಭದ್ರ ತನ್ನ ಕೈ ನೋಡಿಕೊಂಡ. ಅದು ಹೊಳೆಗೆ ಹೆದರುತ್ತಿತ್ತು, ಗೌಡನಿಗೂ ಹೆದರುತ್ತಿತ್ತು. ಗೋಡೆ ಎಬ್ಬಿಸಿದವರ ಮುಂದೆ ನಿಂತು ಏನಂತ ಹೇಳುವುದು? ಅವರು ಸ್ವಾಮಿಗಳು ಅಂದ ಬಾಯಲ್ಲೇ ಇನ್ನೇನೇನು ಅನ್ನುತ್ತಾರೋ. ಹೊಳೆ ಇಲ್ಲಿಗೇ ನಿಂತರೂ ನಿಂತೀತು, ಯಾರಿಗೂ ಏನೂ ಹೇಳುವ ಪ್ರಮೇಯವೇ ಬಾರದೆ ಇದ್ದೀತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ದಿಬ್ಬ ಹತ್ತಿದ.

ಹೊಳೆ ನಿಲ್ಲಲಿಲ್ಲ.

ಮರುದಿನ ಹೊತ್ತೇರುವ ಹೊತ್ತಿಗೆ ಕೆಳಗೆ ಹೋದ. ನೀರು ಕಲ್ಲಿನ ಬುಡದಲ್ಲಿ ನಿಂತಿತ್ತು. ಅಲೆಯಿಲ್ಲ, ಅಬ್ಬರವಿಲ್ಲ. ತಾನು ಬಳಿದ ಸುಣ್ಣ ಕರಗಿ ಬೆಳ್ಳಗೆ ನೀರಿನಲ್ಲಿ ಹರಡುತ್ತಿರುವುದನ್ನು ಈರಭದ್ರ ನೋಡಿದ.

ಹಿಂದಿನ ಮನೆಗಳಲ್ಲಿ ಅಡಿಗೆಯ ಹೊಗೆ ಏಳುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಕಲ್ಲು ದಾಟೇತೇನು?" ಗುಡಿಸಲೊಳಗಿಂದ ಅಜ್ಜಾರು ಕೇಳಿದರು.

"ಇಲ್ರಿ. ಬುಡಕ್ಕ ಬಂದೈತ್ರಿ."

"ಹಂಗಾರ ಗಂಜಿ ಕೊಡು."

ಈರಭದ್ರನ ಕೈಯಿಂದ ಗಂಜಿಯ ತಂಬಿಗೆ ಜಾರಿ ಬಿತ್ತು.

"ಅಜ್ಜಾರ, ಆ ಕಲ್ಲು ಸುಳ್ಳೈತ್ರಿ! ನಾ ಸುಳ್ಳ ಇಟ್ಟೀನ್ರಿ! ಏಳ್ರಿ, ದೇವರಾಣಿ ಏಳ್ರಿ!"

ಅಜ್ಜಾರು ಏಳಲಿಲ್ಲ.

"ನನಗೊಬ್ಬಗ ಹೇಳಿದ್ರ ಏನ ಬಂತು? ಕಲ್ಲು ಊರ ಮುಂದ ಇಟ್ಟಿ."

ಈರಭದ್ರ ನೀರಿಗೆ ಇಳಿದ. ಗುಡಿಸಲ ಬೆನ್ನಿಗಿದ್ದ ಕಲ್ಲನ್ನು ಅಲ್ಲಾಡಿಸಿ, ಉಗುರಿನಲ್ಲಿ ಮಣ್ಣು ತೋಡಿ, ಕಿತ್ತು ಹೆಗಲಿಗೆ ಹಾಕಿಕೊಂಡ. ಕರಗಿದ ಸುಣ್ಣ ಎದೆಯ ಮೇಲೆಲ್ಲ ಇಳಿಯಿತು. ಮನೆಗಳ ನಡುವಿನ ಓಣಿಯಲ್ಲೇ ಮೇಲಕ್ಕೆ ನಡೆದ.

ರೊಟ್ಟಿಯ ಸಪ್ಪಳ ಒಂದೊಂದೇ ಮನೆಯಲ್ಲಿ ನಿಂತಿತು. ಮಂದಿ ಬಾಗಿಲಿಗೆ ಬಂದರು.

ಲಗಮಗೌಡ ಅಡ್ಡ ಬಂದ. "ಏನ್ರಿ ಇದು ಸ್ವಾಮಿಗಳ? ತಲಿ ಸರಿ ಐತಿಲ್ಲೋ?"

"ನಾ ಸ್ವಾಮಿ ಅಲ್ರಿ ಗೌಡ್ರ." ಈರಭದ್ರನ ದನಿ ಒಡೆದಿತ್ತು. "ನೀವು ಕಾಲ ಮುಟ್ಟಿದ್ರಿ, ನನಗ ಹಿಗ್ಗಾತು. ಅದಕ್ಕ ಸರಿಸಿದೆ. ಹೊಳಿ ಸರದಿರಲಿಲ್ಲ. ನೀವೆಲ್ಲಾ ನಿಂತದ್ದು ಹೊಳಿ ನೆಲದಾಗ."

ಸಾತವ್ವನ ಗಂಡ ಯಮನಪ್ಪ ಬಂದು ಅವನ ಅಂಗಿ ಹಿಡಿದ. "ಬ್ಯಾಸಗಿ ಪೂರ್ತಿ ಮಣ್ಣ ತುಳದು ಗೋಡಿ ಎಬ್ಬಿಸೀನಲ್ಲೋ! ಗುಗ್ಗರಿ ತಿಂದ ಹೋದೆಲ್ಲೋ ಭಾಡ್ಯಾ! ಆವತ್ತ ಹೇಳಾಕ ಏನಾಗಿತ್ತು ನಿನಗ?"

"ಅಂಜಿದ್ದೆ," ಅಂದ ಈರಭದ್ರ.

ಯಮನಪ್ಪ ಕೆನ್ನೆಗೆ ಬಾರಿಸಿದ. ಈರಭದ್ರ ಕಲ್ಲು ಕೆಳಗಿಳಿಸಲಿಲ್ಲ. ಅಂಗಿ ಹರಿದು ಯಮನಪ್ಪನ ಕೈಯಲ್ಲೇ ಉಳಿಯಿತು. ಇವನು ಕಲ್ಲು ಮೊದಲಿದ್ದ ತಗ್ಗಿನ ತನಕ ಹೋಗಿ, ಕಲ್ಲು ಇಳಿಸಿ, ಮಣ್ಣು ತುಂಬಿ ಕಾಲಿಂದ ತುಳಿದ. ಮಠದ ಸುಣ್ಣ ತಂದು ಎಲ್ಲರೂ ನೋಡುವ ಹಾಗೆ ಬಳಿದ.

ಕಲ್ಲು ಈಗ ಮೇಲಿತ್ತು. ಮನೆಗಳೆಲ್ಲ ಕೆಳಗಿದ್ದವು.

ಕಲ್ಲಿನ ಒಳಗೆ ಅಂದರೇನು ಅಂತ ಆ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಗೌಡ ಒಮ್ಮೆ ಹೊಳೆಯ ಕಡೆ ನೋಡಿದ, ಒಮ್ಮೆ ಕಲ್ಲಿನ ಕಡೆ ನೋಡಿದ.

ಮೊದಲು ಒಳಗೆ ಹೋದವಳು ಸಾತವ್ವ. ತೊಟ್ಟಿಲ ಹಗ್ಗ ಬಿಚ್ಚಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಹಿಂದೆ ನೋಡದೆ ದಿಬ್ಬ ಹತ್ತಿದಳು. ಈರಭದ್ರನ ಮುಂದೆ ಹಾದುಹೋದಳು. ನಗಲಿಲ್ಲ.

ಆಮೇಲೆ ಎಲ್ಲರೂ ಎದ್ದರು. ಕಾಳಿನ ಚೀಲ, ಹಾಸಿಗೆ, ದನ, ಮುದುಕರು. ಕಟ್ಟಕಡೆಗೆ ಕೋಲು ಊರಿಕೊಂಡು ಅಜ್ಜಾರು ಬಂದರು. ಆಗಲೇ ಅವರ ಕಾಲಿನ ಹಾವುಗೆಯಡಿ ನೀರು ಪಚಪಚ ಅನ್ನುತ್ತಿತ್ತು.

ಬೆಳಗಾಗುವುದರೊಳಗೆ ಗುಡಿಸಲು ಇರಲಿಲ್ಲ. ಮಣ್ಣಿನ ಗೋಡೆಗಳು ನೀರೊಳಗೆ ಒಂದೊಂದೇ ಕುಸಿದು ಕುಳಿತವು. ಹಳೆಯ ಸಾಲಿಗೆ ಇನ್ನೂ ಸ್ವಲ್ಪ ದೂರ ಇರುವಾಗ ನೀರು ನಿಂತಿತು.

ಮಠದ ಕಟ್ಟೆಯ ಮೇಲೆ ಅಜ್ಜಾರು ಕಂಬಳಿ ಹೊದ್ದು ಕುಳಿತಿದ್ದರು. ಈರಭದ್ರ ಅವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಕೆನ್ನೆ ಊದಿತ್ತು. ಆದರೂ ಎಷ್ಟೋ ದಿನಗಳ ಮೇಲೆ ಅವನಿಗೆ ಉಸಿರು ಸಲೀಸಾಗಿ ಆಡುತ್ತಿತ್ತು. ಅಜ್ಜಾರು ಉಳಿದರಲ್ಲ, ಅಷ್ಟು ಸಾಕು ಅನ್ನಿಸಿತ್ತು.

ಒಳಗೆ ಮಠದ ತೊಲೆಗೆ ಕಟ್ಟಿದ ತೊಟ್ಟಿಲು ಕಿರ್ ಕಿರ್ ಅನ್ನುತ್ತಿತ್ತು.

"ಅಜ್ಜಾರ, ಒಂದ ಮಾತು ಕೇಳ್ಲೇನ್ರಿ?"

"ಕೇಳು."

"ನಾ ಕಲ್ಲು ಕೀಳದಿದ್ರ... ನೀರು ಗುಡಿಸಲಾಗ ಬಂದಿದ್ರ... ನೀವು ಅಲ್ಲೇ ಕೂಡ್ರತಿದ್ರೇನ್ರಿ?"

"ಹುಚ್ಚಪ್ಪಾ, ನಾ ಯಾಕ ಕೂಡ್ರಲಿ?" ಅಂದರು ಅಜ್ಜಾರು. "ಆ ಕಲ್ಲು ನಂಬೂವಂಥಾದ್ದಲ್ಲಂತ ನನಗ ಗೊತ್ತಿತ್ತು, ಮೊಣಕಾಲ ಹಿಡಕೊಂಡಾದ್ರೂ ಎದ್ದು ಬರತಿದ್ದೆ. ನಿನ್ನ ನಂಬಿ ಮಲಗಿದ್ದ ಆ ಕೂಸು ಬರತಿತ್ತೇನು?"